ಗಂಟಲು ನಮ್ಮದು, ಗಲ್ಲಾಪೆಟ್ಟಿಗೆ ಯಾರದು?



ಮೊದಲು ನಮ್ಮ ಬಣ್ಣವನ್ನೇ ಬಯಲು ಮಾಡ್ಕೊತೀವಿ. ತಮಟೆ ಬಡಿದು, ಕ್ರಾಂತಿಗೀತೆ ಹಾಡಿ, ಸಭೆ ಮುಗಿದ ಮೇಲೆ ಬಸ್‌ಸ್ಟ್ಯಾಂಡ್ ಹಿಂದಿನ ಅಂಗಡಿಗೆ ನಾವೂ ನುಗ್ಗಿದ್ದೀವಿ. ಬಿ.ಎ. ಓದಿದವರು, ಪದ್ಯ ಬರೆಯೋರು. ಕುಡಿಯದವನಿಗೆ ಕವಿತೆ ಹುಟ್ಟಲ್ಲ ಅಂತ ನಮಗೆ ನಾವೇ ಸುಳ್ಳು ಹೇಳ್ಕೊಂಡಿದ್ದೀವಿ. ಕೊನೆಗೆ ಹುಟ್ಟಿದ್ದು ಸಾಲ. ಹಾಗಾಗಿ ಯಾರಿಗೂ ಬುದ್ಧಿ ಹೇಳೋ ಅರ್ಹತೆ ನಮಗಿಲ್ಲ. ನಮ್ಮ ಜೊತೆ ನಾವೇ ಜಗಳ ತೆಗೆದಿದ್ದೀವಿ ಅಂದುಕೊಳ್ಳಿ.

ಊರಿನ ದೊಡ್ಡವರು ಹೇಳೋದನ್ನ ನೀವೂ ಕೇಳಿದ್ದೀರಿ: 'ಅವರಾ? ಬಿಡು, ಕುಡಿಯೋದು ಅವರ ರಕ್ತದಲ್ಲೇ ಇದೆ.' ಯಾವ ರಕ್ತ ಸ್ವಾಮಿ? ಜಾತ್ರೇಲಿ ರಾತ್ರಿಯಿಡೀ ತಮಟೆ ಬಡಿದ ನಮ್ಮ ಅಪ್ಪಂದಿರಿಗೆ ಕೂಲಿ ಅಂತ ಏನು ಕೊಟ್ಟಿರಿ? ಹೆಣದ ಗುಂಡಿ ತೋಡಿದವನಿಗೆ, ಸತ್ತ ದನ ಹೊತ್ತವನಿಗೆ, ಮಲದ ಗುಂಡಿಗೆ ಇಳಿದವನಿಗೆ ಏನು ಕುಡಿಸಿದಿರಿ? ನಾತ ತಡೆಯೋಕೆ ಕುಡಿದರು, ಅವಮಾನ ಮರೆಯೋಕೆ ಕುಡಿದರು. ಬಾವಿ ಮುಟ್ಟಬೇಡ ಅಂದವರು ಹೆಂಡಕ್ಕೆ ಮಾತ್ರ ಬಾ ಅಂದರು. ಇದು ರಕ್ತದಲ್ಲಿ ಹುಟ್ಟಿದ್ದಲ್ಲ, ರಕ್ತಕ್ಕೆ ಸುರಿದದ್ದು.

ಸರ್ಕಾರದ ಆಟ ನೋಡಿ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಸಾರಾಯಿ ಪಾಕೀಟು ಹೋದ ಜಾಗಕ್ಕೆ ಅಗ್ಗದ ವಿಸ್ಕಿ ಪಾಕೀಟು ಬಂತು. ಮದ್ಯಪಾನ ನಿಷೇಧಕ್ಕೆ ಪ್ರಯತ್ನಿಸಬೇಕು ಅನ್ನುತ್ತೆ ಸಂವಿಧಾನದ 47ನೇ ವಿಧಿ. 2025-26ರ ಬಜೆಟ್ಟು ಅಬಕಾರಿಯಿಂದ 40,000 ಕೋಟಿ ರೂಪಾಯಿ ವಸೂಲಿಯ ಗುರಿ ಇಟ್ಟಿತು. ಆ ಗುರಿ ಮುಟ್ಟಬೇಕಾದರೆ ನಾವು ಕುಡಿಯಲೇಬೇಕು!

ಆದರೆ ಸರ್ಕಾರವನ್ನ ಬೈದು, ಬೈದ ಬಾಯಲ್ಲೇ ಕುಡಿದರೆ ಬೈಗುಳವೂ ಅವರಿಗೇ ಲಾಭ. ಆದ್ದರಿಂದ ಈ ಸೆಳೆತದ ಗುಟ್ಟು ತಿಳಿಯೋಣ.

ದಿನಾ ಅದೇ ಹೊತ್ತು, ಅದೇ ಜಾಗದಲ್ಲಿ ಕುಡಿದರೆ ಮಿದುಳು ಆ ಹೊತ್ತನ್ನೂ ಜಾಗವನ್ನೂ ಕಲಿತುಬಿಡುತ್ತೆ. ಬಟವಾಡೆಯ ಶನಿವಾರ, ಅಂಗಡಿಯ ತಿರುವು, ಕುಡಿಯೋ ಗೆಳೆಯನ ಮುಖ, ಹಸಿವು, ಸಿಟ್ಟು, ಒಂಟಿತನ, ಮೈನೋವು, ಯಾವುದಾದರೂ ಒಂದು ಸಾಕು, ನಾಲಿಗೆ ಎಳೆಯುತ್ತೆ. ಕುಡಿಯದಿದ್ದರೆ ಆಗೋದೇ ಇಲ್ಲ ಅನ್ನಿಸುತ್ತೆ. ಆದರೆ ಆ ಎಳೆತ ಹಳ್ಳದ ನೀರಿನ ಥರ. ಏರುತ್ತೆ, ತುದಿ ಮುಟ್ಟುತ್ತೆ, ಇಳಿಯುತ್ತೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಅದರ ಜೋರು ಮುಗಿಯುತ್ತೆ. ಕುಡಿದರೇ ಇಳಿಯೋದು ಅನ್ನೋದು ಸುಳ್ಳು. ಕುಡಿಯದೆ ದಾಟುತ್ತಾ ಹೋದಷ್ಟೂ ಅದು ಸೊರಗುತ್ತೆ. ಕುಡಿದು ಸುಮ್ಮನಾಗಿಸಿದಷ್ಟೂ ಕೊಬ್ಬುತ್ತೆ.

ಆ ಅರ್ಧ ಗಂಟೆ ಏನು ಮಾಡೋದು? ಎದೆ ಹೇಗೆ ಬಡೀತಿದೆ, ಬಾಯಿ ಹೇಗೆ ಒಣಗ್ತಿದೆ ಅಂತ ಪರರನ್ನ ನೋಡೋ ಹಾಗೆ ನೋಡಿ. ಹೊಟ್ಟೆಗೆ ಮುದ್ದೆ ಹಾಕಿ. ಬಟವಾಡೆ ದುಡ್ಡು ಜೇಬಿಗೆ ಬೀಳೋ ಮುಂಚೆ ಮನೆಯಾಕೆಯ ಕೈಗೆ ಹೋಗಲಿ. ಅಂಗಡಿ ಇಲ್ಲದ ದಾರಿ ಹಿಡಿಯಿರಿ. ಒಬ್ಬರೇ ಇರಬೇಡಿ, ಸಂಗಾತಿಯ ಮನೆ ಜಗಲಿ ಮೇಲೆ ಕೂತು 'ನಂಗೆ ಎಳೀತಾ ಇದೆ ಕಣಯ್ಯ' ಅನ್ನಿ. ಬಾಯಿಬಿಟ್ಟು ಹೇಳಿದರೆ ಅರ್ಧ ಭಾರ ಇಳಿಯುತ್ತೆ. ಒಂದು ದಿನ ಸೋತರೆ ಮಾರನೇ ದಿನ ಮತ್ತೆ ಶುರು.

ಒಂದು ಎಚ್ಚರಿಕೆ. ನಮ್ಮಲ್ಲೊಬ್ಬನ ಅಪ್ಪ ವರ್ಷಗಟ್ಟಲೆ ದಿನವೂ ಕುಡಿದು, ಒಂದಿನ ಹಟಕ್ಕೆ ಬಿದ್ದು ಬಿಟ್ಟ. ಮೂರನೇ ದಿನ ಕೈಕಾಲು ನಡುಗಿ, ಇಲ್ಲದ ಹಾವು ಕಂಡು ಕಿರುಚಿದ. ಕೇರಿಯವರು ದೆವ್ವ ಅಂದು ತಾಯಿತ ಕಟ್ಟಿಸಿದರು. ಅದು ದೇಹ ಹೆಂಡಕ್ಕೆ ಒಗ್ಗಿಹೋದ ಕಾಯಿಲೆ. ಜೀವವನ್ನೇ ತೆಗೆಯಬಹುದು. ಅಂಥವರು ಆಸ್ಪತ್ರೆಯಲ್ಲಿ, ಔಷಧಿ ತಗೊಂಡೇ ಬಿಡಬೇಕು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ವಿಭಾಗವಿದೆ. ನಾಚಿಕೆ ಯಾಕೆ? ಕುಡಿಸಿದವರಿಗಿಲ್ಲದ ನಾಚಿಕೆ ನಮಗ್ಯಾಕೆ?

ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಅಕ್ಷರ ಕಲಿಯೋಕೆ ಕೂತ ಬಡ ಹೆಂಗಸರು 1992ರಲ್ಲಿ ಸಾರಾಯಿ ಅಂಗಡಿ ಮುಚ್ಚಿಸಿದರು. ಊರಿಂದೂರಿಗೆ ಅದು ಹಬ್ಬಿ 1993ರಲ್ಲಿ ಆ ರಾಜ್ಯವೇ ಸಾರಾಯಿ ನಿಲ್ಲಿಸಬೇಕಾಯ್ತು. ಇಲ್ಲಿ ನಾವೇನು ಮಾಡ್ತಿದ್ದೀವಿ? ಮನೆ ಹೆಂಗಸರು ಕೂಲಿ ಮಾಡಿ ತಂದ ಕಾಸನ್ನೂ ಕಿತ್ತುಕೊಂಡು, ಸಮಾನತೆ ಬಗ್ಗೆ ಭಾಷಣ ಬಿಗೀತೀವಿ!

1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆಗಿಳಿದದ್ದು ನಮ್ಮ ಗಂಟಲಿಗೆ ನೀರಿನ ಹಕ್ಕು ಕೇಳೋಕೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟೆನೆಂಬುದೂ ಒಂದು. ಅವರ ಫೋಟೋಕ್ಕೆ ಹಾರ ಹಾಕಿದ ಕೈಯಲ್ಲೇ ಪಾಕೀಟು ಹರಿದವರು ನಾವು.

ಈ ಶನಿವಾರದಿಂದ ನಮ್ಮ ಗುಂಪು ಬಟವಾಡೆ ಹೊತ್ತಿಗೆ ಹಟ್ಟಿ ಮುಂದಿನ ಕಟ್ಟೆ ಮೇಲೆ ಕೂರುತ್ತೆ. ಟೀ ಇರುತ್ತೆ, ತಮಟೆ ಇರುತ್ತೆ. ಎಳೆತ ಬಂದವರು ಬನ್ನಿ. ಆ ಅರ್ಧ ಗಂಟೆಯನ್ನ ಒಟ್ಟಿಗೆ ದಾಟೋಣ.

ಜೈ ಭೀಮ್!