ಊರಿನ ಲೆಕ್ಕ ಊರಿನ ಕೈಯಲ್ಲೇ ಇರಲಿ: ಮುಕ್ತ ತಂತ್ರಾಂಶಕ್ಕಾಗಿ ಹಕ್ಕೊತ್ತಾಯ ಪತ್ರ

ಚಿತ್ರದುರ್ಗದ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರು ಮತ್ತು ಸದಸ್ಯರಿಗೆ

ಮಾನ್ಯರೇ,

ಕಂದಾಯ ಕಟ್ಟುವವರು ನಾವು. ಅದರ ಲೆಕ್ಕವಿಡುವ ತಂತ್ರಾಂಶದ ಬೀಗದ ಕೈ ಯಾವುದೋ ಕಂಪನಿಯ ಬಳಿ ಇರಬಾರದು. ಮೂಲ ಸಂಕೇತ ಎಲ್ಲರಿಗೂ ತೆರೆದಿರುವ ಮುಕ್ತ ತಂತ್ರಾಂಶವನ್ನು ಬಿಟ್ಟಿ ಸಿಗುತ್ತದೆಂದು ನಾವು ಕೇಳುತ್ತಿಲ್ಲ. ತರಬೇತಿಗೆ, ದುರಸ್ತಿಗೆ ಹಣ ಬೇಕೇ ಬೇಕು. ಆ ಹಣ ಲೈಸೆನ್ಸಿಗೆ ಹೋಗುವ ಬದಲು ಜಿಲ್ಲೆಯ ಹುಡುಗ ಹುಡುಗಿಯರ ಸಂಬಳಕ್ಕೆ ಹೋಗಲಿ ಎನ್ನುತ್ತೇವೆ. 2012ರ ಮಾರ್ಚ್‌ನಲ್ಲಿ ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡುವ ಸಕಾಲ ಯೋಜನೆಯನ್ನು ಪ್ರಾಯೋಗಿಕವಾಗಿ ಜಾರಿಗೊಳಿಸಿದ ರಾಜ್ಯದ ನಾಲ್ಕು ತಾಲ್ಲೂಕುಗಳಲ್ಲಿ ಚಿತ್ರದುರ್ಗವೂ ಒಂದು. ಹಾಗಾಗಿ ಮೊದಲು ನಾವೇ ಏಕೆ ಎಂಬ ಪ್ರಶ್ನೆ ಇಲ್ಲಿ ಏಳಬಾರದು.

1. ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ತಂದಿದೆ. ಅದು ಕೇಂದ್ರದ ಕಚೇರಿಗಳಿಗೆ ಅನ್ವಯ, ರಾಜ್ಯಗಳು ಬಯಸಿದರೆ ಒಪ್ಪಿಕೊಳ್ಳಬಹುದು. ನಮ್ಮ ಸ್ಥಳೀಯ ಸಂಸ್ಥೆಗಳು ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಆದ್ಯತೆಯ ಠರಾವು ಮಾಡಿ ಸರ್ಕಾರಕ್ಕೆ ಕಳಿಸಬೇಕು.

2. ಕನ್ನಡದ ಕಡತಗಳೆಲ್ಲ ಯುನಿಕೋಡ್‌ನಲ್ಲಿರಬೇಕು. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪಾದ ಸಭಾ ನಡಾವಳಿಯನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅದರಲ್ಲಿ ಒಬ್ಬ ಖಾತೆದಾರರ ಹೆಸರನ್ನೂ ಹುಡುಕಲಾಗದು. ಇವನ್ನು ಯುನಿಕೋಡ್‌ಗೆ ತಿರುಗಿಸುವ ಮುಕ್ತ ಪರಿವರ್ತಕಗಳನ್ನು ಕನ್ನಡದ ಸ್ವಯಂಸೇವಕರು ಆಗಲೇ ಮಾಡಿಟ್ಟಿದ್ದಾರೆ. ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ತಪ್ಪಬಹುದು. ಕಣ್ಣಾಡಿಸಿ ತಿದ್ದಲು ಜನರನ್ನು ನೇಮಿಸಿ. ಗುಮಾಸ್ತರು ಹೊಸ ಕೀಲಿಮಣೆ ಕಲಿಯಬೇಕಾಗುತ್ತದೆಂದು ಅಂಜಬೇಕಿಲ್ಲ. ಅವರ ಬೆರಳಿಗೆ ರೂಢಿಯಾದ ಕಗಪ ವಿನ್ಯಾಸ ವಿಂಡೋಸ್ ಬದಲಿಗೆ ಬಳಸಬಹುದಾದ ಮುಕ್ತ ವ್ಯವಸ್ಥೆ ಲಿನಕ್ಸ್‌ನಲ್ಲೂ ಇದೆ. ಮುಕ್ತ ಕಚೇರಿ ತಂತ್ರಾಂಶ ಲಿಬ್ರೆಆಫೀಸ್‌ನ ಮೆನುಗಳು ಕನ್ನಡದಲ್ಲೇ ಸಿಗುತ್ತವೆ. ಅಲ್ಲಿನ ಕೆಲವು ಕನ್ನಡ ಪದಗಳನ್ನು ಓದಿ ನಗು ಬಂದರೆ ತಿದ್ದಿ ಕಳಿಸಲು ಯಾರ ಅಪ್ಪಣೆಯೂ ಬೇಡ.

3. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಭದ್ರತಾ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಷ್ಟಕ್ಕೇ ಚೆನ್ನಾಗಿ ನಡೆಯುವ ಯಂತ್ರಗಳನ್ನು ಗುಜರಿಗೆ ಹಾಕಬೇಡಿ, ಲಿನಕ್ಸ್ ಹಾಕಿ ನೋಡಿ. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ತನ್ನ ಸುಮಾರು 30,000 ಸರ್ಕಾರಿ ಕಂಪ್ಯೂಟರುಗಳನ್ನು ಮುಕ್ತ ತಂತ್ರಾಂಶಕ್ಕೆ ಬದಲಿಸುವುದಾಗಿ 2024ರಲ್ಲಿ ಘೋಷಿಸಿತು.

4. ಒಂದೇ ದಿನಕ್ಕೆ ಎಲ್ಲವನ್ನೂ ಬದಲಿಸಿ ಎಂದು ನಾವು ಹೇಳುವುದಿಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ (ಪಿಡಿಒ) ಡಿಜಿಟಲ್ ಸಹಿಯ ಡೋಂಗಲ್, ಬೆರಳಚ್ಚಿನ ಯಂತ್ರ, ಹಳೆಯ ಪ್ರಿಂಟರ್ ಇವೇ ಕಾಟ ಕೊಡುವ ವಸ್ತುಗಳು. ಪ್ರತಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ, ಒಂದೇ ಮೇಜಿನ ಮೇಲೆ ಮೊದಲು ಪರೀಕ್ಷೆ ನಡೆಯಲಿ. ಗ್ರಾಮದ ಆಸ್ತಿ ದಾಖಲೆ ಕೊಡುವ ಇ-ಸ್ವತ್ತಿನ ನಮೂನೆ 9 ಅಲ್ಲಿಂದ ಸಹಿಯಾಗಿ ಹೊರಬಿದ್ದ ಮೇಲೆ ಮುಂದಿನ ಮೇಜಿಗೆ ಹೋಗೋಣ.

5. ಇ-ಸ್ವತ್ತು, ಪಂಚಾಯಿತಿ ಲೆಕ್ಕಪತ್ರದ ಪಂಚತಂತ್ರ ತಂತ್ರಾಂಶಗಳಿರುವುದು ರಾಜ್ಯದ ಕೈಯಲ್ಲಿ, ಪಂಚಾಯಿತಿ ಅವನ್ನು ಬದಲಿಸಲಾಗದು. ಸರ್ಕಾರಿ ತಂತ್ರಾಂಶಗಳ ಮೂಲ ಸಂಕೇತವನ್ನು ಹಂಚಿಕೊಳ್ಳುವ ಬಗ್ಗೆಯೂ 2015ರಲ್ಲಿ ಕೇಂದ್ರದ ನೀತಿ ಬಂದಿದೆ. ಅದರಂತೆ ಇವುಗಳ ಸಂಕೇತ ತೆರೆದಿಡಲು ಜಿಲ್ಲಾ ಪಂಚಾಯಿತಿ ಸರ್ಕಾರಕ್ಕೆ ಪತ್ರ ಬರೆಯಲಿ. ಬೆಂಗಳೂರಿನ ಇ-ಗವರ್ನಮೆಂಟ್ಸ್ ಫೌಂಡೇಶನ್ನಿನ ಡಿಜಿಟ್ ವೇದಿಕೆ ಆಸ್ತಿ ತೆರಿಗೆ, ನೀರಿನ ಬಿಲ್ಲು, ದೂರುಗಳನ್ನು ನಿಭಾಯಿಸುತ್ತದೆ. ಅದರ ಸಂಕೇತ ಎಲ್ಲರಿಗೂ ತೆರೆದೇ ಇದೆ.

6. ಟೆಂಡರಿನ ಷರತ್ತಿನಲ್ಲಿ ಹೀಗೆ ಬರೆಯಿರಿ: ಗುತ್ತಿಗೆ ಮುಗಿದ ದಿನ ಪೂರ್ತಿ ದತ್ತಾಂಶ ಮುಕ್ತ ನಮೂನೆಯಲ್ಲಿ ಸಂಸ್ಥೆಯ ಕೈಸೇರಬೇಕು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿಯಲ್ಲಿ ಟೆಂಡರಿಲ್ಲದೆ ತಂತ್ರಾಂಶ ಕೊಳ್ಳುವುದಾದರೆ ಕಾರಣವನ್ನು ಸೂಚನಾ ಫಲಕದಲ್ಲಿ ಹಾಕಬೇಕು.

7. ಫ್ಲೋರೈಡ್ ನೀರಿನ ಜಿಲ್ಲೆ ನಮ್ಮದು. ಕೊಳವೆಬಾವಿಗಳು, ಶುದ್ಧ ಕುಡಿಯುವ ನೀರಿನ ಘಟಕಗಳು, ಅವುಗಳಲ್ಲಿ ನಡೆಯುತ್ತಿರುವುದು ಯಾವುದು, ಕೆಟ್ಟು ನಿಂತಿರುವುದು ಯಾವುದು ಎಂಬುದನ್ನು ಮುಕ್ತ ನಕ್ಷೆ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ನಕ್ಷೆ ಮಾಡಿ ಪ್ರತಿ ತಿಂಗಳು ಪ್ರಕಟಿಸಿ. ಮೊಹರು ಬಿದ್ದ ಹಾಳೆಯ ಸ್ಕ್ಯಾನ್ ಬೇಡ, ಎಣಿಸಲು ಬರುವ ಪಟ್ಟಿ ಬೇಕು.

8. ತಾಲ್ಲೂಕಿನ ಸಾಮರ್ಥ್ಯ ಸೌಧಗಳಲ್ಲಿ ಆಪರೇಟರ್‌, ಬಿಲ್ ಕಲೆಕ್ಟರ್‌ಗಳಿಗೆ ವೇತನಸಹಿತ ತರಬೇತಿ ಕೊಡಿ. ಹಳ್ಳಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳ ಕಂಪ್ಯೂಟರುಗಳಲ್ಲೂ ಇದೇ ತಂತ್ರಾಂಶ ಇರಲಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಸರ್ಕಾರಿ ಶಾಲೆಗಳಲ್ಲಿ ಗ್ನೂ/ಲಿನಕ್ಸ್ ಮೇಲೆಯೇ ಕಂಪ್ಯೂಟರ್ ಕಲಿಯುತ್ತಾರೆ. ನಮ್ಮ ಮಕ್ಕಳಿಗೆ ಅದು ಕಷ್ಟವೆಂದು ಯಾರೂ ಹೇಳಬೇಡಿ.

9. ಈ ಪತ್ರದ ಯಾವ ಬೇಡಿಕೆಯನ್ನು ಒಪ್ಪಿದಿರಿ, ಯಾವುದನ್ನು ತಳ್ಳಿದಿರಿ, ಏಕೆ ಎಂಬುದನ್ನು 30 ದಿನಗಳೊಳಗೆ ಲಿಖಿತವಾಗಿ, ಯುನಿಕೋಡ್ ಕನ್ನಡದಲ್ಲಿ ತಿಳಿಸಬೇಕು.

ಇಂತಿ,
ನಾಲ್ಕು ತಾಲ್ಲೂಕುಗಳ ತೆರಿಗೆದಾರರು