ಶಾಂತಿ ಮುಗಿದ ಮೇಲೆ ಮನೆ ಎಲ್ಲಿ?

ಕೇರಳದಲ್ಲಿ ದೇವಸ್ಥಾನದ ಪೂಜಾವೃತ್ತಿಗೆ ‘ಶಾಂತಿ’ ಎನ್ನುತ್ತಾರೆ. ಉಡುಪಿ, ಕಾಸರಗೋಡು ಸೀಮೆಯಿಂದ ಶಾಂತಿಗೆಂದು ತೆಂಕಣಕ್ಕೆ ಬಂದವರನ್ನು ಎಂಬ್ರಾಂದಿರಿ, ಪೋತ್ತಿ ಎಂದು ಕರೆಯುವ ರೂಢಿ ಇಲ್ಲಿ ಹಳೆಯದು. ಕೊಚ್ಚಿ, ತಿರುವನಂತಪುರದ ಐಟಿ ಕಂಪನಿಗಳಿಗೆ ನಾವು ಬರುವುದಕ್ಕೆ ಬಹಳ ಮೊದಲೇ ಈ ದಾರಿ ಸವೆದಿತ್ತು. ನಮಗೆ ಪಿಎಫ್ ಇದೆ, ಮನೆ ಕಟ್ಟಲು ಬ್ಯಾಂಕ್ ಸಾಲ ಕೊಡುತ್ತದೆ. ಅವರಿಗೆ?

ದೇವರ ಕೆಲಸ ಮಾಡುವವರ ಮುಪ್ಪಿನ ಕಷ್ಟ ಸಂಬಳದ್ದಷ್ಟೇ ಅಲ್ಲ. ದೇವಸ್ಥಾನದ ಪಕ್ಕದ ಕೋಣೆ, ಚರ್ಚ್ ಕೊಟ್ಟ ಮನೆ, ಮಸೀದಿಯ ಮೇಲ್ಮಹಡಿ ಎಲ್ಲವೂ ಹುದ್ದೆಗೆ ಅಂಟಿಕೊಂಡಂಥವು. ಕೆಲಸ ಬಿಟ್ಟ ದಿನ ಸೂರೂ ಹೋಗುತ್ತದೆ. ವೃತ್ತಿಯಲ್ಲಿದ್ದಾಗಲೇ ತೀರಿಕೊಂಡರೆ ಹೆಂಡತಿ ಮಕ್ಕಳು ದುಃಖದ ನಡುವೆಯೇ ಸಾಮಾನು ಕಟ್ಟಬೇಕು.

ತಿರುವಾಂಕೂರು ದೇವಸ್ವಂ ಮಂಡಳಿಯ ದೇವಸ್ಥಾನಗಳಲ್ಲಿ ಶಾಂತಿಯವರು ಮಂಡಳಿಯ ನೌಕರರು. ಅವರಿಗೆ ಪಿಂಚಣಿ ಉಂಟು. ಖಾಸಗಿ ದೇವಸ್ಥಾನಗಳಲ್ಲಿ ಆಡಳಿತ ಸಮಿತಿಯ ಮಾತೇ ಆಧಾರ. ಕಾಸರಗೋಡನ್ನೂ ಒಳಗೊಂಡ ಮಲಬಾರ್ ದೇವಸ್ವಂ ಮಂಡಳಿ 2008ರಲ್ಲಿ ರಚನೆಯಾಯಿತು. ಅಲ್ಲಿ ಆದಾಯವಿಲ್ಲದ ಸಣ್ಣ ದೇವಸ್ಥಾನಗಳು ಸಂಬಳಕ್ಕೂ ಅನುದಾನದ ದಾರಿ ಕಾಯುತ್ತವೆ. ತೆಯ್ಯಂ ಕಟ್ಟುವ ಕೋಲಧಾರಿಗಳಿಗೂ ಆಚಾರ ಸ್ಥಾನಿಕರಿಗೂ ಮಾಸಿಕ ಸಹಾಯಧನವಿದೆ. ಅದು ಬಾಕಿ ಬಿದ್ದಿತೆಂಬ ದೂರು ಆಗಾಗ ಕೇಳಿಸುತ್ತದೆ.

ಕ್ರೈಸ್ತರಲ್ಲಿ ಕ್ಯಾಥೊಲಿಕ್ ಪಾದ್ರಿಗಳಿಗೆ ಸಂಸಾರವಿಲ್ಲ. ನಿವೃತ್ತರಿಗೆ ಧರ್ಮಪ್ರಾಂತಗಳೇ ವಿಶ್ರಾಂತಿ ನಿವಾಸ ನಡೆಸುತ್ತವೆ. ಸಿಎಸ್‌ಐ, ಮಾರ್ ತೋಮಾ, ಆರ್ಥಡಾಕ್ಸ್ ಸಭೆಗಳ ಪಾದ್ರಿಗಳು ಸಂಸಾರಸ್ಥರಾಗಬಹುದು. ವರ್ಗಾವಣೆಯ ಬದುಕಿನಲ್ಲಿ ಸ್ವಂತ ಮನೆ ಮಾಡಿಕೊಳ್ಳುವುದು ಸುಲಭವಲ್ಲ. ಇಂಗ್ಲೆಂಡಿನಲ್ಲಿ ಪಾದ್ರಿಗಳ ಕುಟುಂಬಗಳಿಗೆ ನೆರವಾಗಲು 1655ರಲ್ಲೇ ಒಂದು ದತ್ತಿ ಹುಟ್ಟಿಕೊಂಡಿತು, ಇಂದಿಗೂ ನಡೆಯುತ್ತಿದೆ. ಅಲ್ಲಿನ ಚರ್ಚಿನ ಪಿಂಚಣಿ ಮಂಡಳಿ ನಿವೃತ್ತರಿಗೆ ಬಾಡಿಗೆ ಮನೆಗಳನ್ನೂ ಒದಗಿಸುತ್ತದೆ.

ನಮಗೆ ಹತ್ತಿರದ ಮಾದರಿ ಕೇರಳದಲ್ಲೇ ಇದೆ. 2019ರ ಕಾಯ್ದೆಯಡಿ ಬಂದ ಮದರಸಾ ಅಧ್ಯಾಪಕರ ಕ್ಷೇಮನಿಧಿಗೆ ಅಧ್ಯಾಪಕರೂ ದುಡ್ಡು ಕಟ್ಟುತ್ತಾರೆ, ಮದರಸಾ ನಡೆಸುವ ಸಮಿತಿಯೂ ಕಟ್ಟುತ್ತದೆ. ಸಮಿತಿಯ ಕೈಯಿಂದಲೂ ಹಣ ಹೊರಡುವುದರಿಂದ ಅದು ಬರೀ ದಾನವಾಗಿ ಉಳಿಯುವುದಿಲ್ಲ, ಹಕ್ಕಾಗುತ್ತದೆ.

ಇದು ಮುಂದೂಡುವ ವಿಷಯವಲ್ಲ. 2021ರ ಅಂದಾಜಿನಂತೆ ದೇಶದಲ್ಲಿ 60 ದಾಟಿದವರು ಶೇ 10.1, ಕೇರಳದಲ್ಲಿ ಶೇ 16.5. ಕೇರಳ 2025ರಲ್ಲಿ ವಯೋಜನ ಆಯೋಗಕ್ಕೆ ಕಾಯ್ದೆ ಮಾಡಿತು, ಸಾಮಾಜಿಕ ಪಿಂಚಣಿಯನ್ನು 1,600ರಿಂದ 2,000 ರೂಪಾಯಿಗೆ ಏರಿಸಿತು. ಒಳ್ಳೆಯದೇ. ಆದರೆ ಕೊಚ್ಚಿಯಲ್ಲಿ ಆ ಹಣಕ್ಕೆ ಬಾಡಿಗೆ ಮನೆ ಸಿಗದು.

ಕರ್ನಾಟಕವೂ ನಗದಿನ ಲೆಕ್ಕದಲ್ಲೇ ನಿಂತಿದೆ. 2025ರ ಬಜೆಟ್‌ನಲ್ಲಿ ಪೇಶ್ ಇಮಾಮರು, ಜೈನ ಅರ್ಚಕರು, ಸಿಖ್ ಮುಖ್ಯ ಗ್ರಂಥಿಗಳ ಗೌರವಧನವನ್ನು ತಿಂಗಳಿಗೆ 6,000 ರೂಪಾಯಿಗೆ ಏರಿಸಲಾಯಿತು. ಮುಜರಾಯಿಯ ‘ಸಿ’ ದರ್ಜೆ ದೇವಾಲಯಗಳು ತಸ್ತೀಕಿನ ಮೇಲೆ ಉಸಿರಾಡುತ್ತಿವೆ. ವರ್ಷಕ್ಕೆ ಕೋಟಿಗೂ ಹೆಚ್ಚು ಆದಾಯವಿರುವ ದೇವಾಲಯಗಳಿಂದ ಶೇ 10 ಪಡೆದು ಇಂಥ ಸಣ್ಣ ದೇವಾಲಯಗಳಿಗೂ ಅಲ್ಲಿನ ಅರ್ಚಕರಿಗೂ ನೆರವಾಗುವುದಾಗಿ ಹೇಳಿದ ಮಸೂದೆ 2024ರ ಫೆಬ್ರುವರಿಯಲ್ಲಿ ವಿಧಾನ ಪರಿಷತ್ತಿನಲ್ಲಿ ಬಿದ್ದು, ವಿಧಾನಸಭೆಯಲ್ಲಿ ಮತ್ತೆ ಗೆದ್ದು, ರಾಜ್ಯಪಾಲರಿಂದ ಸ್ಪಷ್ಟನೆ ಕೇಳಿಸಿಕೊಂಡು ಮರಳಿತು. ದೇವರ ಹಣ ಯಾರದು ಎಂಬ ಜಗಳದಲ್ಲಿ ಅರ್ಚಕನ ಮುಪ್ಪು ಮಾತಿಗೇ ಬರಲಿಲ್ಲ.

ಆಗಬೇಕಾದ್ದು ಮೂರು. ಯಾವ ಧರ್ಮದ ಸಂಸ್ಥೆಯೇ ಆಗಲಿ, ಸೇವಕರ ಪಾಲಿನಷ್ಟೇ ಹಣವನ್ನು ತಾನೂ ಕ್ಷೇಮನಿಧಿಗೆ ಕಟ್ಟಬೇಕು. ಸೇವಕ ತೀರಿಕೊಂಡರೆ ಕುಟುಂಬಕ್ಕೆ ಕನಿಷ್ಠ ಒಂದು ವರ್ಷ ಅದೇ ಮನೆಯಲ್ಲಿರುವ ಹಕ್ಕು ಬರವಣಿಗೆಯಲ್ಲಿ ಇರಬೇಕು. ಜಾಗವುಳ್ಳ ಸಂಸ್ಥೆಗಳು ಕಲ್ಯಾಣ ಮಂಟಪದ ಜತೆಗೆ ನಾಲ್ಕಾರು ಆಸರೆ ಮನೆಗಳನ್ನೂ ಕಟ್ಟಬೇಕು. ಅಲ್ಲಿ ನಿವೃತ್ತ ಅರ್ಚಕರ ಜತೆ ಗುಡಿಸುವವರು, ಓಲಗದವರು, ಅಡುಗೆಯವರೂ ಇರಲಿ.

ಹೊರನಾಡಿನ ಕನ್ನಡಿಗರಾದ ನಾವು ಹುಂಡಿಗೆ ಕಾಣಿಕೆ ಹಾಕುತ್ತೇವೆ, ಬ್ರಹ್ಮಕಲಶಕ್ಕೆ ಚೀಟಿ ಹರಿಸುತ್ತೇವೆ. ಮುಂದಿನ ಸಲ ರಶೀದಿ ತೆಗೆದುಕೊಳ್ಳುವಾಗ ಸಮಿತಿಯವರನ್ನು ಒಂದು ಪ್ರಶ್ನೆ ಕೇಳೋಣ: ನಿಮ್ಮ ಭಟ್ಟರು ಕೈಲಾಗದ ಕಾಲಕ್ಕೆ ಎಲ್ಲಿ ಇರುತ್ತಾರೆ?