ಲೂಪಿಗೆ 5 ಮಾರ್ಕ್ಸ್, ಲೆಕ್ಕಕ್ಕೆ ಸೊನ್ನೆ

‘ಹಳ್ಳಿ ಮಕ್ಕಳಿಗೆ ಕೋಡಿಂಗ್ ಹತ್ತಲ್ಲ, ಇಂಗ್ಲಿಷ್ ಬರಲ್ವಲ್ಲ.’ ಪೇಟೆಯವರು ಹೀಗಂದರೆ ಬಿಟ್ಟುಬಿಡಬಹುದು. ನಮ್ಮ ತಾಲ್ಲೂಕಿನ ಮೇಷ್ಟ್ರುಗಳೇ ಹೇಳುತ್ತಾರೆ. ಸುದ್ದಿಗೆಂದು ಕಾಲೇಜುಗಳಿಗೆ ಹೋದಾಗಲೆಲ್ಲ ಕೇಳಿ ಕೇಳಿ ಸಾಕಾಗಿದೆ.

ಹೊಸಬರಿಗೆ ಕಲಿಸುವ ಪೈಥಾನ್ ಭಾಷೆಯಲ್ಲಿ ಇಂಗ್ಲಿಷಿನ ಮೀಸಲು ಪದಗಳು ಇರುವುದೇ 35ರ ಆಸುಪಾಸು. ಗೊಬ್ಬರದಂಗಡಿಯಲ್ಲಿ ಡಿಎಪಿ, ಯೂರಿಯಾ, 10:26:26 ಎಂದು ತಡವರಿಸದೆ ಕೇಳುವ ಹುಡುಗನಿಗೆ ಇಷ್ಟು ಪದ ಭಾರವೇ? ಉಳಿದ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. 2008ರಲ್ಲಿ ಬಂದ ಪೈಥಾನ್ 3ರಲ್ಲಿ ‘ಹಾಲು’, ‘ದರ’, ‘ಮೊತ್ತ’ ಎಂದು ಕನ್ನಡ ಅಕ್ಷರದಲ್ಲಿ ಬರೆದರೂ ಪ್ರೋಗ್ರಾಂ ಓಡುತ್ತದೆ. ಇದನ್ನು ಯಾವ ಲ್ಯಾಬಿನಲ್ಲೂ ಹೇಳಿಕೊಟ್ಟಿದ್ದು ನಾನು ಕಂಡಿಲ್ಲ.

ಕಂಡಿದ್ದೇನೆಂದರೆ, ‘ಲೂಪ್ ಎಂದರೇನು? ವಿಧಗಳನ್ನು ವಿವರಿಸಿ.’ ಉತ್ತರ ಗೈಡಿನಲ್ಲಿದೆ. ಪ್ರೋಗ್ರಾಂ ಬೋರ್ಡಿನಿಂದ ರೆಕಾರ್ಡ್ ಬುಕ್ಕಿಗೆ ಇಳಿಯುತ್ತದೆ, ಅದರ ಔಟ್‌ಪುಟ್ ಕೂಡ ನಕಲು. ಕಂಪ್ಯೂಟರಿಗೆ ಹೊದಿಸಿದ ಬಟ್ಟೆ ತೆಗೆಯುವುದು ಪ್ರಾಕ್ಟಿಕಲ್ ಪರೀಕ್ಷೆಯ ದಿನ.

ಅದೇ ಮಕ್ಕಳ ಮನೆಯಲ್ಲಿ ದಿನಾ ಲೂಪ್ ಓಡುತ್ತಿದೆ. ಡೇರಿಗೆ ಹಾಕಿದ ಹಾಲಿಗೆ ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ. ಒಂದು ದಿನದ್ದನ್ನು ಬಾಯಲ್ಲೇ ಹೇಳುತ್ತೇವೆ. ತಿಂಗಳಿನದ್ದಾದರೆ ಅದೇ ಕೆಲಸ 30 ಸಲ. ಮೊತ್ತ ಸೊನ್ನೆಯಿಂದ ಶುರು, ಆ ದಿನದ ಲೀಟರ್ ತಗೋ, 5ರಿಂದ ಗುಣಿಸು, ಮೊತ್ತಕ್ಕೆ ಸೇರಿಸು, ಮುಂದಿನ ದಿನಕ್ಕೆ ಹೋಗು. ಇದೇ ಫಾರ್ ಲೂಪ್. ಈ ಇಡೀ ಲೆಕ್ಕಕ್ಕೆ ‘ಪ್ರೋತ್ಸಾಹಧನ’ ಎಂದು ಹೆಸರಿಟ್ಟು ಮುಂದೆ ಡೆಫ್ ಹಾಕಿದರೆ ಅದು ಫಂಕ್ಷನ್. ಅಪ್ಪನ ಪಾಸ್ ಪುಸ್ತಕದ ಅಂಕಿ ಕೊಡಿ, ಪಕ್ಕದ ಮನೆ ಅಜ್ಜಿಯದ್ದು ಕೊಡಿ, ಮತ್ತೆ ಬರೆಯುವ ಕೆಲಸವಿಲ್ಲ. ಫಂಕ್ಷನ್ನಿನೊಳಗೆ ಪ್ರಿಂಟ್ ಅಂದರೆ ಮೊತ್ತವನ್ನು ಕೂಗಿ ಹೇಳಿದ ಹಾಗೆ, ರಿಟರ್ನ್ ಅಂದರೆ ಚೀಟಿ ಬರೆದು ಕೈಗೆ ಕೊಟ್ಟ ಹಾಗೆ. ಮುಂದಿನ ಲೆಕ್ಕಕ್ಕೆ ಬೇಕಾಗುವುದು ಚೀಟಿ.

ಇನ್ನು ತಪ್ಪಿನ ವಿಷಯ. ರಿಟರ್ನ್ ಸಾಲು ನಾಲ್ಕು ಸ್ಪೇಸ್ ಒಳಗೆ ಸರಿದು ಲೂಪಿನ ಹೊಟ್ಟೆಗೆ ಸೇರಿತು ಅಂದುಕೊಳ್ಳಿ. ಫಂಕ್ಷನ್ ಮೊದಲ ದಿನದ ಲೆಕ್ಕ ಒಪ್ಪಿಸಿ ಎದ್ದು ಹೋಗುತ್ತದೆ. ದಿನಕ್ಕೆ 8 ಲೀಟರ್ ಹಾಕಿದವರಿಗೆ 1,200 ರೂಪಾಯಿ ಬರಬೇಕಾದಲ್ಲಿ 40 ಬರುತ್ತದೆ. ಎರರ್ ಮಾತ್ರ ಬರುವುದಿಲ್ಲ! ರೇಂಜ್ 1, 30 ಎಂದು ಕೊಟ್ಟರೆ ಲೂಪ್ 29ಕ್ಕೇ ನಿಲ್ಲುತ್ತದೆ, ಒಂದು ದಿನದ ದುಡ್ಡು ಹೋಯಿತು, 31 ಕೊಡಬೇಕು. ಹಾಲು ಹಾಕುವ ಮನೆಯ ಹುಡುಗಿ 40 ನೋಡಿದ ಕೂಡಲೇ ‘ಇದೆಂಥ ಲೆಕ್ಕ’ ಎಂದು ಹುಡುಕಲು ಕೂರುತ್ತಾಳೆ. ರೆಕಾರ್ಡ್ ಬುಕ್ಕಿನ ಫ್ಯಾಕ್ಟೋರಿಯಲ್ ತಪ್ಪಾದರೆ ಅವಳಿಗೆ ಹೇಗೆ ಗೊತ್ತಾಗಬೇಕು? ಆಮೇಲೆ ‘ದಡ್ಡಿ’ ಅನ್ನಿಸಿಕೊಳ್ಳುವವಳೂ ಅವಳೇ.

ಕಂಪ್ಯೂಟರ್ ಸಾಲಲ್ಲ, ಸಿಲೆಬಸ್ ಮುಗಿಸಬೇಕು ಅನ್ನುತ್ತಾರೆ. ಸಿಲೆಬಸ್ ಮಾತು ಒಪ್ಪುತ್ತೇನೆ, ಕಂಪ್ಯೂಟರ್ ನೆಪ ಒಪ್ಪಲ್ಲ. ಪೈಡ್ರಾಯ್ಡ್ 3 ಆ್ಯಪ್ ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದಿದ್ದರೂ ಆಂಡ್ರಾಯ್ಡ್ ಫೋನಿನಲ್ಲೇ ಪೈಥಾನ್ ಓಡುತ್ತದೆ. ನೀವು ಇದನ್ನು ಓದುತ್ತಿರುವ ಫೋನಿನಲ್ಲೇ.

ಮುಂದಿನ ಪೋಷಕರ ಸಭೆಯಲ್ಲಿ ‘ಪಾಠ ಎಷ್ಟಾಯ್ತು ಸರ್’ ಎಂದು ಕೇಳಬೇಡಿ. ನನ್ನ ಮಗಳು ಈ ತಿಂಗಳು ತಾನೇ ಬರೆದು ಓಡಿಸಿದ ಪ್ರೋಗ್ರಾಂ ಎಷ್ಟು, ಎಷ್ಟು ಸಲ ತಪ್ಪು ಬಂತು, ತೋರಿಸಿ ಎಂದು ಕೇಳಿ.